ಒಂದೇ ವರುಷಕ್ಕೆ ಹಲವು ಹೆಸರು



ನಮ್ಮ ಮನೆಗಳ ಗೋಡೆಯ ಮೇಲೆ ಎಷ್ಟು ಕ್ಯಾಲೆಂಡರುಗಳಿವೆ ಎಂದು ಒಮ್ಮೆ ಎಣಿಸಿ ನೋಡಿ. ಧರ್ಮಕೇಂದ್ರದಲ್ಲಿ ಕೊಟ್ಟದ್ದು ಒಂದು, ಬ್ಯಾಂಕಿನವರು ಕೊಟ್ಟದ್ದು ಒಂದು, ಕಿರಾಣಿ ಅಂಗಡಿಯವರು ಕೊಟ್ಟ ತಿಥಿ, ನಕ್ಷತ್ರ, ರಾಹುಕಾಲಗಳಿರುವ ಪಂಚಾಂಗದ ಕ್ಯಾಲೆಂಡರು ಇನ್ನೊಂದು. ಮಕ್ಕಳ ಶಾಲೆಯ ವರ್ಷ ಜೂನಿನಲ್ಲಿ ಆರಂಭವಾದರೆ ಲೆಕ್ಕಪತ್ರದ ವರ್ಷ ಏಪ್ರಿಲಿನಲ್ಲಿ, ನೆರೆಮನೆಯವರ ಹೊಸ ವರ್ಷ ಯುಗಾದಿಯಂದು, ಧರ್ಮಸಭೆಯ ಆರಾಧನಾ ವರ್ಷ ಆಗಮನ ಕಾಲದ ಮೊದಲ ಭಾನುವಾರದಂದು. ಹೀಗೆ ಒಂದೇ ಮನೆಯೊಳಗೆ ನಾಲ್ಕಾರು ವರ್ಷಗಳು ಒಟ್ಟಿಗೆ ನಡೆಯುತ್ತಿರುತ್ತವೆ. ಆದರೂ ನಾವು ಗೊಂದಲಪಡುವುದಿಲ್ಲ.

ಹಾಗಾದರೆ ಹದಿನೇಳು ಶತಮಾನಗಳ ಹಿಂದಿನ ಜನರು ಏನು ಮಾಡುತ್ತಿದ್ದರು? ಅವರಿಗೆ 'ಕ್ರಿ.ಶ.' ಎಂಬ ಎರಡಕ್ಷರವೇ ಗೊತ್ತಿರಲಿಲ್ಲ. ನಮ್ಮ ವಿಶ್ವಾಸದ ಇತಿಹಾಸದಲ್ಲಿ ಬಹು ಮುಖ್ಯವಾದ ಒಂದು ವರ್ಷವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಂದು ನಾವು ಅದನ್ನು ಕ್ರಿ.ಶ. 325 ಎನ್ನುತ್ತೇವೆ. ನೀಸಿಯಾ ಎಂಬ ಪಟ್ಟಣದಲ್ಲಿ ಪ್ರಥಮ ವಿಶ್ವ ಮಹಾಸಭೆ ನಡೆದ ವರ್ಷವದು. ಭಾನುವಾರದ ಬಲಿಪೂಜೆಯಲ್ಲಿ ನಾವು ಎದ್ದುನಿಂತು ಹೇಳುವ ವಿಶ್ವಾಸ ಪ್ರಮಾಣದ ಬೇರು ಇರುವುದು ಅಲ್ಲಿಯೇ. ಆದರೆ ಆ ಸಭೆಯಲ್ಲಿ ಕುಳಿತಿದ್ದ ಧರ್ಮಾಧ್ಯಕ್ಷರಲ್ಲಿ ಒಬ್ಬರಿಗೂ ತಾವು 325ನೇ ವರ್ಷದಲ್ಲಿ ಇದ್ದೇವೆಂಬುದು ತಿಳಿದಿರಲಿಲ್ಲ!

ರೋಮಿನವರ ಲೆಕ್ಕ

ಮೊದಲು ರೋಮ್ ಸಾಮ್ರಾಜ್ಯದ ಅಧಿಕೃತ ಲೆಕ್ಕವನ್ನು ನೋಡೋಣ. ರೋಮನರು ವರ್ಷಕ್ಕೆ ಅಂಕಿಯನ್ನು ಕೊಡುತ್ತಿರಲಿಲ್ಲ, ಹೆಸರನ್ನು ಕೊಡುತ್ತಿದ್ದರು. ಪ್ರತಿ ವರ್ಷ ಇಬ್ಬರು ಗಣ್ಯರು ಕೋನ್ಸುಲ್ ಪದವಿಗೆ ಏರುತ್ತಿದ್ದರು; ಅವರ ಹೆಸರೇ ಆ ವರ್ಷದ ಹೆಸರು. ಹೀಗೆ ನೀಸಿಯಾ ಮಹಾಸಭೆ ನಡೆದದ್ದು 'ಪೌಲಿನುಸ್ ಮತ್ತು ಜೂಲಿಯಾನುಸ್ ಕೋನ್ಸುಲರಾಗಿದ್ದ ವರ್ಷದಲ್ಲಿ'. ಮೂವತ್ತು ವರ್ಷಗಳ ಹಿಂದಿನ ಒಂದು ಸಾಲಪತ್ರದ ಕಾಲವನ್ನು ತಿಳಿಯಬೇಕಾದರೆ ಮೂವತ್ತು ಜೋಡಿ ಹೆಸರುಗಳ ಪಟ್ಟಿಯನ್ನು ಇಟ್ಟುಕೊಂಡೇ ಕೂರಬೇಕಾಗಿತ್ತು.

ರೋಮ್ ನಗರದ ಸ್ಥಾಪನೆಯಿಂದ ಎಣಿಸಿದರೆ ಅದು 1078ನೇ ವರ್ಷ. ಈ ಎಣಿಕೆ ಪಂಡಿತರ ಪುಸ್ತಕಗಳಲ್ಲಿತ್ತೇ ಹೊರತು ಜನರ ನಿತ್ಯದ ಬಳಕೆಯಲ್ಲಿ ಅಪರೂಪ. ತೆರಿಗೆ ಅಧಿಕಾರಿಗಳಿಗೆ ಮಾತ್ರ ಇನ್ನೊಂದು ಲೆಕ್ಕ ಬೇಕಾಗಿತ್ತು. 312ರಿಂದ ಹಿಡಿದು ಹದಿನೈದು ಹದಿನೈದು ವರ್ಷಗಳ ಚಕ್ರಗಳನ್ನು ಮಾಡಿಕೊಂಡಿದ್ದರು. ಅದಕ್ಕೆ ಇಂಡಿಕ್ಷನ್ ಎಂದು ಹೆಸರು. ಅದರ ಪ್ರಕಾರ ಮಹಾಸಭೆ ಕೂಡಿದಾಗ ನಡೆಯುತ್ತಿದ್ದದ್ದು ಹದಿಮೂರನೇ ವರ್ಷ.

ಚಕ್ರವರ್ತಿಯ ಆಳ್ವಿಕೆಯ ಲೆಕ್ಕವೂ ಇತ್ತು. ಕಾನ್‌ಸ್ಟಂಟೈನ್ ಚಕ್ರವರ್ತಿಯನ್ನು ಅವನ ಸೈನಿಕರು ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 306ರ ಜುಲೈ 25ರಂದು ಚಕ್ರವರ್ತಿಯೆಂದು ಘೋಷಿಸಿದ್ದರು. ಆದ್ದರಿಂದ 325ರ ಜೂನ್ ತಿಂಗಳು ಅವನ ಹತ್ತೊಂಬತ್ತನೇ ವರ್ಷದ ಕೊನೆಯ ಭಾಗ. ಜುಲೈ ಕೊನೆಯಲ್ಲಿ ಇಪ್ಪತ್ತನೇ ವರ್ಷ ಆರಂಭವಾದಾಗ ಅವನು ಧರ್ಮಾಧ್ಯಕ್ಷರಿಗೆಲ್ಲಾ ಅರಮನೆಯಲ್ಲಿ ಔತಣವನ್ನು ಕೊಟ್ಟನು.

ಸಂತ ಲೂಕರ ಶುಭಸಂದೇಶದ ಮೂರನೇ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಸ್ನಾನಿಕ ಯೊವಾನ್ನನ ಬೋಧನೆಯ ಕಾಲವನ್ನು ಹೇಳಲು ಲೂಕರು ತಿಬೇರಿಯ ಚಕ್ರವರ್ತಿಯ ಹದಿನೈದನೇ ವರ್ಷವನ್ನು ಹೇಳಿ, ಜೊತೆಗೆ ಪಿಲಾತ, ಹೆರೋದ, ಅನ್ನ, ಕಾಯಫರ ಹೆಸರುಗಳನ್ನೂ ಸೇರಿಸುತ್ತಾರೆ. ವಾಚಕರು ಈ ಹೆಸರುಗಳನ್ನು ಓದುವಾಗ ನಮಗೆ ಇದೆಲ್ಲ ಏಕೆ ಎನಿಸಬಹುದು. ಆದರೆ ಆ ಕಾಲದ ಕ್ಯಾಲೆಂಡರೇ ಅದು. ನಮ್ಮ ರಕ್ಷಣೆ ಎಲ್ಲೋ ಕಥೆಯಲ್ಲಿ ನಡೆದದ್ದಲ್ಲ, ಇಂಥ ವರ್ಷ, ಇಂಥವರ ಆಳ್ವಿಕೆಯಲ್ಲಿ ನಡೆಯಿತು ಎಂದು ಲೂಕರು ಸಾಕ್ಷಿ ನುಡಿಯುತ್ತಿದ್ದಾರೆ.

ಅಲೆಕ್ಸಾಂಡರನ 636ನೇ ವರ್ಷ

ಸಿರಿಯಾ, ಪ್ಯಾಲೆಸ್ತೀನ್, ಮೆಸೊಪೊಟೇಮಿಯಾದಿಂದ ಬಂದಿದ್ದ ಧರ್ಮಾಧ್ಯಕ್ಷರನ್ನು ಕೇಳಿದ್ದರೆ ಅವರು ಬೇರೆಯೇ ಅಂಕಿಯನ್ನು ಹೇಳುತ್ತಿದ್ದರು: 636. ಅಲೆಕ್ಸಾಂಡರನ ಮರಣದ ನಂತರ ಅವನ ಸೇನಾನಿ ಸೆಲ್ಯೂಕಸ್ ಕ್ರಿ.ಪೂ. 312ರಲ್ಲಿ ಬಾಬಿಲೋನನ್ನು ಮರಳಿ ಪಡೆದನು. ಅಲ್ಲಿಂದ ಅವನ ವರ್ಷಗಳ ಎಣಿಕೆ ಶುರುವಾಯಿತು. ಅವನು ಸತ್ತಾಗ ಅವನ ಮಗ ಹೊಸದಾಗಿ ಒಂದರಿಂದ ಎಣಿಸದೆ ತಂದೆಯ ಲೆಕ್ಕವನ್ನೇ ಮುಂದುವರಿಸಿದನು. ರಾಜರು ಬದಲಾದರೂ ಎಣಿಕೆ ಬದಲಾಗದೆ ನಡೆದುಬಂದ ಮೊದಲ ದೊಡ್ಡ ಶಕೆ ಇದೇ. ಜನರು ಅದನ್ನು ಅಲೆಕ್ಸಾಂಡರನ ಹೆಸರಿನಲ್ಲಿಯೇ ಕರೆದರು.

ಈ ಶಕೆ ನಮಗೆ ಅಪರಿಚಿತವಲ್ಲ. ನಮ್ಮ ಬೈಬಲಿನ ಮಕ್ಕಬಿಯರ ಮೊದಲನೇ ಗ್ರಂಥವನ್ನು ತೆರೆದರೆ, ಅಂತಿಯೋಕಸ್ ಎಪಿಫಾನೆಸ್ ಪಟ್ಟಕ್ಕೆ ಬಂದದ್ದು ಗ್ರೀಕರ ರಾಜ್ಯದ 137ನೇ ವರ್ಷದಲ್ಲಿ ಎಂದು ಬರೆದಿದೆ. ಅದೇ ಎಣಿಕೆ ಮುಂದುವರಿದು 636ಕ್ಕೆ ಬಂದಾಗ ನೀಸಿಯಾ ಮಹಾಸಭೆ ಕೂಡಿತು. ಯೆಹೂದ್ಯರೂ ತಮ್ಮ ಕರಾರುಪತ್ರಗಳಲ್ಲಿ ಇದನ್ನೇ ಬರೆಯುತ್ತಿದ್ದರು. ಇಂದಿನ ಯೆಹೂದ್ಯ ಪಂಚಾಂಗದಲ್ಲಿರುವಂತೆ ಜಗತ್ತಿನ ಸೃಷ್ಟಿಯಿಂದ ಎಣಿಸಿದರೆ ಅದು 4085ನೇ ವರ್ಷ.

ಒಲಿಂಪಿಕ್ ಕ್ರೀಡೆಗಳ ಆಧಾರದಲ್ಲಿ ಎಣಿಸುವ ಗ್ರೀಕ್ ವಿದ್ವಾಂಸರಿಗೆ ಅದು 275ನೇ ಒಲಿಂಪಿಯಾಡಿನ ನಾಲ್ಕನೇ ವರ್ಷ. ಬಹು ದೂರದ ಚೀನಾದಲ್ಲಿ ಪೂರ್ವ ಜಿನ್ ವಂಶದ ಚಕ್ರವರ್ತಿ ಮಿಂಗ್‌ನ 'ತೈನಿಂಗ್' ಎಂಬ ಕಾಲದ ಮೂರನೇ ವರ್ಷ. ಅದೇ ವರ್ಷ ಆ ಯುವ ಚಕ್ರವರ್ತಿ ತೀರಿಕೊಂಡನು. ನಮ್ಮ ದೇಶದ ಶಾಲಿವಾಹನ ಶಕೆಯ ಪ್ರಕಾರ ಆ ಜೂನ್ ತಿಂಗಳು ಬಂದದ್ದು 247ರಲ್ಲಿ. ಉತ್ತರದಲ್ಲಿ ಗುಪ್ತರ ಒಂದನೇ ಚಂದ್ರಗುಪ್ತನ ಕಾಲ. ಗುಪ್ತ ಶಕೆಯ ಎಣಿಕೆ 319-20ರಿಂದ.

ಒಂದೇ ವರ್ಷಕ್ಕೆ ಎರಡು ಲೆಕ್ಕಗಳನ್ನು ಕೊಡುವ ರೂಢಿ ನಮ್ಮ ಕರ್ನಾಟಕದ ಕಲ್ಲುಗಳಿಗೂ ಗೊತ್ತು. ಐಹೊಳೆಯ ಮೇಗುಟಿ ಬಸದಿಯಲ್ಲಿ ರವಿಕೀರ್ತಿ ಬರೆಸಿದ ಶಾಸನ ಶಕ ವರ್ಷ 556 ಎಂದೂ, ಭಾರತ ಯುದ್ಧವಾಗಿ 3735 ವರ್ಷ ಎಂದೂ ಎರಡನ್ನೂ ಹೇಳುತ್ತದೆ. ಎರಡೂ ಸೇರುವುದು ಕ್ರಿ.ಶ. 634ರ ಸುಮಾರಿನಲ್ಲಿ. ಓದುವವರು ಯಾವ ಊರಿನವರಾದರೂ ಕಾಲವನ್ನು ತಪ್ಪದೆ ತಿಳಿಯಲಿ ಎಂಬುದೇ ಇಂಥ ಬರವಣಿಗೆಯ ಪ್ರಯೋಜನ.

ನೀಸಿಯಾದ ಬರಹಗಾರರು ಮಾಡಿದ್ದೂ ಅದನ್ನೇ. 451ರಲ್ಲಿ ಕಲ್ಸೆದೋನ್ ಮಹಾಸಭೆ ಕೂಡಿದಾಗ ನೀಸಿಯಾದ ವಿಶ್ವಾಸ ಪ್ರಮಾಣವನ್ನು ಓದಲಾಯಿತು. ಅದರ ತಲೆಬರಹದಲ್ಲಿ ಕೋನ್ಸುಲರ ಹೆಸರಿತ್ತು, ಅಲೆಕ್ಸಾಂಡರನ 636ನೇ ವರ್ಷವಿತ್ತು, ಗ್ರೀಕರ ದೈಸಿಯೋಸ್ ಮಾಸದ 19 ಎಂದಿತ್ತು, ರೋಮನರ ರೀತಿಯಲ್ಲಿ ಜುಲೈ ಮೊದಲ ದಿನಕ್ಕೆ ಹದಿಮೂರನೇ ದಿನ ಮುಂಚೆ ಎಂದೂ ಇತ್ತು. ಇವೆಲ್ಲಾ ಹೇಳುವುದು ಒಂದೇ ದಿನವನ್ನು: ಜೂನ್ 19. ಈಜಿಪ್ಟಿನವರಿಗೆ ಅದು ಪೌನಿ ಮಾಸದ 25. ಹೆಸರುಗಳು ಹಲವಾದರೂ ವಾರ ಮಾತ್ರ ಬದಲಾಗುವುದಿಲ್ಲ. ಎಣಿಸಿ ನೋಡಿದರೆ ಅದು ಶನಿವಾರ.

ಹಿಂಸಕನ ಹೆಸರಿನ ವರ್ಷ

ಪ್ರಿಯರೇ, ಈಗ ಈ ಲೆಕ್ಕಗಳಲ್ಲೇ ಅತ್ಯಂತ ನೋವಿನ ಒಂದು ಲೆಕ್ಕಕ್ಕೆ ಬರೋಣ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ ವೃದ್ಧ ಧರ್ಮಾಧ್ಯಕ್ಷ ಅಲೆಕ್ಸಾಂಡರ್ ಬಂದಿದ್ದರು. ಅವರ ಜೊತೆಯಲ್ಲಿ ಇನ್ನೂ ಯುವಕನಾಗಿದ್ದ ಡೀಕನ್ ಅಥನಾಸಿಯುಸ್ ಇದ್ದರು. ಅವರ ನಾಡಿನಲ್ಲಿ ಅದು 'ಡಯೋಕ್ಲೇಷಿಯನ್ನನ 41ನೇ ವರ್ಷ'.

ಯಾರು ಈ ಡಯೋಕ್ಲೇಷಿಯನ್? 303ರ ಫೆಬ್ರವರಿ 23ರಂದು ನಿಕೊಮೆದಿಯಾದ ದೇವಾಲಯವನ್ನು ಕೆಡವಿಸಿ, ಪವಿತ್ರ ಗ್ರಂಥಗಳನ್ನು ಸುಡಿಸಿ, ಕ್ರೈಸ್ತರ ಮೇಲೆ ಅತಿ ದೊಡ್ಡ ಹಿಂಸಾಚಾರವನ್ನು ಆರಂಭಿಸಿದ ಚಕ್ರವರ್ತಿ. 305ರಲ್ಲಿ ಅವನು ಪದವಿಯನ್ನು ಬಿಟ್ಟನು. ಕೆಲವು ವರ್ಷಗಳಲ್ಲಿ ಸತ್ತನು. ಆದರೂ ಈಜಿಪ್ಟಿನಲ್ಲಿ ಅವನ ವರ್ಷಗಳ ಎಣಿಕೆ ನಿಲ್ಲಲಿಲ್ಲ. 284ರ ಆಗಸ್ಟ್ 29ರ ಹೊಸ ವರ್ಷದಿಂದ ಶುರುವಾದ ಆ ಲೆಕ್ಕ ಖಗೋಳ ಗಣಿತಕ್ಕೆ ಅನುಕೂಲವಾಗಿದ್ದುದರಿಂದ ಹಾಗೆಯೇ ಉಳಿಯಿತು.

ನೀಸಿಯಾಗೆ ಬಂದವರಲ್ಲಿ ಕೆಲವರ ದೇಹದ ಮೇಲೆಯೇ ಹಿಂಸಾಚಾರದ ಗುರುತುಗಳಿದ್ದವು. ಈಜಿಪ್ಟಿನ ಧರ್ಮಾಧ್ಯಕ್ಷ ಪಫ್ನೂಸಿಯುಸ್‌ರ ಒಂದು ಕಣ್ಣನ್ನು ಕಿತ್ತಿದ್ದರೆಂದು ಇತಿಹಾಸಕಾರ ರೂಫಿನುಸ್ ಬರೆದಿದ್ದಾರೆ. ನಿಯೋಸೆಸಾರಿಯಾದ ಪೌಲರ ಎರಡೂ ಕೈಗಳು ಕಾದ ಕಬ್ಬಿಣದಿಂದ ಸುಟ್ಟು ಮರಗಟ್ಟಿದ್ದವೆಂದು ಥಿಯೋಡೊರೆಟ್ ಬರೆದಿದ್ದಾರೆ. ಯೋಚಿಸಿ ನೋಡಿ: ಕಣ್ಣು ಕಳೆದುಕೊಂಡ ಆ ಧರ್ಮಾಧ್ಯಕ್ಷರ ಊರಿನ ಲೆಕ್ಕದಲ್ಲಿ ಆ ವರ್ಷದ ಹೆಸರು ಹಿಂಸೆಯನ್ನು ಆರಂಭಿಸಿದವನ ಹೆಸರೇ!

ಈಸ್ಟರ್ ಹಬ್ಬದ ದಿನವನ್ನು ಗೊತ್ತುಮಾಡುವ ಪಟ್ಟಿಗಳಿಗೂ ಆ ಹೆಸರು ಸೇರಿಕೊಂಡಿತು. ಅಥನಾಸಿಯುಸ್ 328ರಲ್ಲಿ ಧರ್ಮಾಧ್ಯಕ್ಷರಾದರು. ಪ್ರತಿ ವರ್ಷ ಹಬ್ಬದ ಪತ್ರವನ್ನು ಬರೆದು ಪಾಸ್ಖದ ದಿನವನ್ನು ತಿಳಿಸತೊಡಗಿದರು. ಅವರ ಪತ್ರಗಳ ಸಂಗ್ರಹದಲ್ಲಿ 329ರ ಮೊದಲ ಪತ್ರದ ತಲೆಬರಹವನ್ನು ನೋಡಿ: ಫಾರ್ಮೂಥಿ ಮಾಸದ 11, ರೋಮನರ ಲೆಕ್ಕದಲ್ಲಿ ಏಪ್ರಿಲ್ 6, ಡಯೋಕ್ಲೇಷಿಯನ್ನನ 45ನೇ ವರ್ಷ, ಕೋನ್ಸುಲರ ಹೆಸರು, ಎರಡನೇ ಇಂಡಿಕ್ಷನ್. ಯೇಸುಸ್ವಾಮಿಯ ಪುನರುತ್ಥಾನದ ಹಬ್ಬವನ್ನು ಸಾರುವ ಪತ್ರದ ಮೇಲೆ ಹಿಂಸಕನ ಹೆಸರು.

ಮುಂದೇನಾಯಿತು? ಎರಡು ಕಡೆ ಎರಡು ಉತ್ತರಗಳು ಹುಟ್ಟಿದವು. ಈಜಿಪ್ಟಿನ ಕ್ರೈಸ್ತರು ಲೆಕ್ಕವನ್ನು ಬಿಡಲಿಲ್ಲ, ಹೆಸರನ್ನು ಬದಲಿಸಿದರು. ಅದನ್ನು 'ರಕ್ತಸಾಕ್ಷಿಗಳ ಶಕೆ' ಎಂದು ಕರೆದರು. ಕೊಂದವನ ಹೆಸರು ಹೋಗಿ, ವಿಶ್ವಾಸಕ್ಕಾಗಿ ಸತ್ತವರ ಹೆಸರು ಬಂತು. ಕಾಪ್ಟಿಕ್ ಧರ್ಮಸಭೆ ಇಂದಿಗೂ ಅದೇ ಶಕೆಯನ್ನು ಬಳಸುತ್ತದೆ.

ಎರಡನೇ ಉತ್ತರ ರೋಮಿನಿಂದ ಬಂತು. 525ರಲ್ಲಿ ಡಿಯೊನೀಸಿಯುಸ್ ಎಕ್ಸಿಗುವುಸ್ ಎಂಬ ಸನ್ಯಾಸಿ ಈಸ್ಟರ್ ಪಟ್ಟಿಯನ್ನು ಮುಂದುವರಿಸುವ ಕೆಲಸಕ್ಕೆ ಕುಳಿತರು. ಹಳೆಯ ಪಟ್ಟಿ ಡಯೋಕ್ಲೇಷಿಯನ್ನನ 247ನೇ ವರ್ಷಕ್ಕೆ ಮುಗಿಯುತ್ತಿತ್ತು. ಹಿಂಸಕನ ನೆನಪನ್ನು ಉಳಿಸಲು ಇಷ್ಟವಿಲ್ಲದೆ, ಅವರು ಮುಂದಿನ ವರ್ಷಕ್ಕೆ 248 ಎಂದು ಬರೆಯದೆ, ಪ್ರಭುವಿನ ಮನುಷ್ಯಾವತಾರದಿಂದ 532 ಎಂದು ಬರೆದರು. ಇಂಗ್ಲೆಂಡಿನ ಸಂತ ಬೀಡ್ 731ರಲ್ಲಿ ಮುಗಿಸಿದ ತಮ್ಮ ಇತಿಹಾಸ ಗ್ರಂಥದಲ್ಲಿ ಈ ಎಣಿಕೆಯನ್ನು ಬಳಸಿದ ಮೇಲೆ ಅದು ಯೂರೋಪಿನಲ್ಲೆಲ್ಲಾ ಹರಡಿತು. ಇಂದು ಜಗತ್ತೇ ಬಳಸುವ 'ಕ್ರಿಸ್ತ ಶಕ' ಹುಟ್ಟಿದ್ದು ಒಂದು ಈಸ್ಟರ್ ಪಟ್ಟಿಯಲ್ಲಿ!

ಡಿಯೊನೀಸಿಯುಸ್‌ರ ಲೆಕ್ಕ ಪೂರ್ತಿ ಸರಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹೆರೋದರಾಜ ಕ್ರಿ.ಪೂ. 4ರಲ್ಲಿ ಸತ್ತನೆಂದು ಬಹುಪಾಲು ಇತಿಹಾಸಕಾರರ ಅಭಿಪ್ರಾಯ. ಯೇಸು ಹುಟ್ಟಿದ್ದು ಅದಕ್ಕೆ ಮುಂಚೆ. ಹಾಗಾಗಿ ನಮ್ಮ ಎಣಿಕೆ ನಾಲ್ಕಾರು ವರ್ಷ ಹಿಂದಿದೆ. ಇದರಿಂದ ನಮ್ಮ ವಿಶ್ವಾಸಕ್ಕೆ ಕುಂದಿಲ್ಲ. ಅಂಕಿ ಮನುಷ್ಯ ಮಾಡಿದ್ದು. ಆ ಅಂಕಿ ಬೊಟ್ಟುಮಾಡಿ ತೋರಿಸುವ ವ್ಯಕ್ತಿ ಮಾತ್ರ ದೇವರ ವರ.

ಹಬ್ಬ ಯಾವಾಗ?

ನೀಸಿಯಾದಲ್ಲಿ ಕಾಲದ ಲೆಕ್ಕ ಬರಿ ತಲೆಬರಹದ ವಿಷಯವಾಗಿರಲಿಲ್ಲ, ಚರ್ಚೆಯ ವಿಷಯವೇ ಆಗಿತ್ತು. ಎರಡನೇ ಶತಮಾನದಿಂದಲೂ ಈಸ್ಟರ್ ದಿನದ ಬಗ್ಗೆ ಭಿನ್ನಾಭಿಪ್ರಾಯವಿತ್ತು. ಏಷ್ಯಾ ಮೈನರಿನ ಕ್ರೈಸ್ತರು ಯಾವ ವಾರವೇ ಬರಲಿ, ಚಾಂದ್ರಮಾಸದ ಹದಿನಾಲ್ಕನೇ ದಿನವೇ ಆಚರಿಸುತ್ತಿದ್ದರು, ರೋಮಿನವರು ಭಾನುವಾರದಂದು. ಸಂತ ಪೋಲಿಕಾರ್ಪರು ರೋಮಿಗೆ ಬಂದು ಜಗದ್ಗುರು ಅನಿಸೇತುಸರ ಜೊತೆ ಮಾತಾಡಿದರು. ಒಬ್ಬರು ಇನ್ನೊಬ್ಬರನ್ನು ಒಪ್ಪಿಸಲಾಗಲಿಲ್ಲ, ಆದರೂ ಸಮಾಧಾನದಿಂದಲೇ ಬೀಳ್ಕೊಂಡರು. ಮುಂದೆ ಜಗದ್ಗುರು ವಿಕ್ಟರರು ಕಠಿಣ ಕ್ರಮಕ್ಕೆ ಮುಂದಾದಾಗ ಲಿಯೋನ್ಸಿನ ಸಂತ ಇರನೇಯುಸರು, ಶಾಂತಿಯನ್ನು ಕೆಡಿಸಬೇಡಿ ಎಂದು ಬುದ್ಧಿ ಹೇಳಿದರು.

325ರ ವೇಳೆಗೆ ಎಲ್ಲರೂ ಭಾನುವಾರಕ್ಕೆ ಬಹುಮಟ್ಟಿಗೆ ಒಪ್ಪಿದ್ದರು. ಆದರೆ ಯಾವ ಭಾನುವಾರ? ಸಿರಿಯಾದ ಕಡೆಯವರು ನೆರೆಯ ಯೆಹೂದ್ಯರ ಪಾಸ್ಖವನ್ನು ನೋಡಿಕೊಂಡು ತಮ್ಮ ದಿನವನ್ನು ಇಟ್ಟುಕೊಳ್ಳುತ್ತಿದ್ದರು. ಅಲೆಕ್ಸಾಂಡ್ರಿಯಾದವರು ತಾವೇ ಗಣಿತ ಮಾಡುತ್ತಿದ್ದರು. ಒಂದು ಊರಿನಲ್ಲಿ ಹಬ್ಬದ ಊಟ ನಡೆಯುವಾಗ ಇನ್ನೊಂದು ಊರಿನಲ್ಲಿ ಉಪವಾಸ. ಎಲ್ಲರೂ ಒಂದೇ ದಿನ ಆಚರಿಸಬೇಕೆಂದು ಮಹಾಸಭೆ ತೀರ್ಮಾನಿಸಿತು. ಸಭೆಯ ಇಪ್ಪತ್ತು ನಿಯಮಗಳಲ್ಲಿ ಇದು ಇಲ್ಲ. ಅಲೆಕ್ಸಾಂಡ್ರಿಯಾದ ಸಭೆಗೆ ಬರೆದ ಪತ್ರದಲ್ಲಿ ಇದೆ.

ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಬಾರದು. ಈ ತೀರ್ಮಾನವನ್ನು ತಿಳಿಸಲು ಕಾನ್‌ಸ್ಟಂಟೈನ್ ಬರೆದ ಪತ್ರದಲ್ಲಿ ಯೆಹೂದ್ಯರ ಬಗ್ಗೆ ಕಟುವಾದ ಮಾತುಗಳಿವೆ. ಒಂದು ಹಬ್ಬದ ದಿನದ ವಿಷಯದಲ್ಲಿ ಆಡಿದ ಅಂಥ ಮಾತುಗಳು ಮುಂದಿನ ಶತಮಾನಗಳಲ್ಲಿ ಕಹಿ ಫಲವನ್ನೇ ಕೊಟ್ಟವು. ಯೇಸುಸ್ವಾಮಿ ತಮ್ಮ ಶಿಷ್ಯರೊಂದಿಗೆ ಕುಳಿತದ್ದು ಯೆಹೂದ್ಯರ ಪಾಸ್ಖದ ಕಾಲದಲ್ಲಿಯೇ ಎಂಬುದನ್ನು ಕ್ರೈಸ್ತರು ಮರೆತರು. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 'ನೋಸ್ತ್ರ ಎತಾತೆ' ಘೋಷಣೆಯ ಮೂಲಕ ಯೆಹೂದ್ಯ ದ್ವೇಷವನ್ನು ಖಂಡಿಸಿ, ನಮ್ಮ ವಿಶ್ವಾಸದ ಬೇರು ಅವರ ಪಿತಾಮಹರಲ್ಲಿದೆ ಎಂದು ಸಾರಿತು. ಒಗ್ಗಟ್ಟಿಗಾಗಿ ಕ್ಯಾಲೆಂಡರನ್ನು ಸರಿಪಡಿಸುವುದು ಒಳ್ಳೆಯದೇ; ಆದರೆ ಇನ್ನೊಬ್ಬರನ್ನು ಹೀಗಳೆದು ಕಟ್ಟಿದ ಒಗ್ಗಟ್ಟಿನಲ್ಲಿ ಬಿರುಕು ಇದ್ದೇ ಇರುತ್ತದೆ.

ನೀಸಿಯಾದ ನೆನಪು ನಮ್ಮ ಇಂದಿನ ಕ್ಯಾಲೆಂಡರಿನಲ್ಲಿಯೂ ಉಳಿದಿದೆ. ಜೂಲಿಯಸ್ ಸೀಸರನ ಕ್ಯಾಲೆಂಡರಿನಲ್ಲಿ ವರ್ಷ ನಿಜವಾದ ಸೌರವರ್ಷಕ್ಕಿಂತ ಸ್ವಲ್ಪ ಉದ್ದ. ಹಾಗಾಗಿ ಹಗಲು ರಾತ್ರಿ ಸಮನಾಗುವ ವಸಂತದ ದಿನ ಮೆಲ್ಲಮೆಲ್ಲನೆ ಹಿಂದೆ ಸರಿದು ಹದಿನಾರನೇ ಶತಮಾನಕ್ಕೆ ಮಾರ್ಚ್ 11ಕ್ಕೆ ಬಂದಿತ್ತು. 1582ರಲ್ಲಿ ಜಗದ್ಗುರು ಹದಿಮೂರನೇ ಗ್ರೆಗೊರಿಯವರು, ವೈದ್ಯ ಲುಯಿಜಿ ಲಿಲಿಯೊ ಮತ್ತು ಯೇಸುಸಭೆಯ ಗುರು ಕ್ಲಾವಿಯುಸ್‌ರ ಪರಿಶ್ರಮದಿಂದ ಅದನ್ನು ಸರಿಪಡಿಸಿದರು. ಅಕ್ಟೋಬರ್ 4ರ ಗುರುವಾರದ ಮರುದಿನವೇ ಅಕ್ಟೋಬರ್ 15ರ ಶುಕ್ರವಾರ! ಹತ್ತೇ ದಿನವನ್ನು ಏಕೆ ಬಿಟ್ಟರು? ಸೀಸರನ ಕಾಲಕ್ಕೆ ಹೋಗಬೇಕೆಂಬುದು ಅವರ ಗುರಿಯಾಗಿರಲಿಲ್ಲ. ನೀಸಿಯಾ ಮಹಾಸಭೆಯ ಕಾಲದಲ್ಲಿದ್ದಂತೆ ಆ ದಿನ ಮತ್ತೆ ಮಾರ್ಚ್ 21ಕ್ಕೆ ಬರಬೇಕೆಂಬುದೇ ಗುರಿ.

ಪೂರ್ವದ ಬಹುತೇಕ ಆರ್ಥೊಡಾಕ್ಸ್ ಸಭೆಗಳು ಈಸ್ಟರಿಗೆ ಹಳೆಯ ಲೆಕ್ಕವನ್ನೇ ಉಳಿಸಿಕೊಂಡಿವೆ. ಆದ್ದರಿಂದ ಎಲ್ಲರೂ ಒಂದೇ ದಿನ ಎಂಬ ನೀಸಿಯಾದ ಆಸೆ ಇನ್ನೂ ಪೂರ್ತಿಯಾಗಿಲ್ಲ. ಮಹಾಸಭೆಯ 1700ನೇ ವರ್ಷವಾದ 2025ರಲ್ಲಿ ಎರಡೂ ಲೆಕ್ಕಗಳು ಕೂಡಿ ಏಪ್ರಿಲ್ 20ರಂದೇ ಎಲ್ಲರಿಗೂ ಪುನರುತ್ಥಾನದ ಹಬ್ಬ ಬಂತು. ಅದೇ ವರ್ಷ ನವೆಂಬರ್ 28ರಂದು ಜಗದ್ಗುರು ಹದಿನಾಲ್ಕನೇ ಲಿಯೋರವರು, ಟರ್ಕಿಯಲ್ಲಿ ಇಂದು ಇಜ್ನಿಕ್ ಎಂದು ಕರೆಯುವ ಆ ಹಳೆಯ ನೀಸಿಯಾದಲ್ಲಿ ಪಿತೃಪ್ರಧಾನ ಬರ್ತೊಲೊಮೆಯವರ ಜೊತೆ ಪ್ರಾರ್ಥಿಸಿದರು. ಆದರೆ ಮರುವರ್ಷ, 2026ರಲ್ಲಿ, ನಮ್ಮ ಹಬ್ಬದ ದಿನ ಏಪ್ರಿಲ್ 5, ಅವರದು ಏಪ್ರಿಲ್ 12. ಎಲ್ಲರೂ ಒಪ್ಪಿದರೆ ಈಸ್ಟರನ್ನು ಒಂದು ಗೊತ್ತಾದ ಭಾನುವಾರಕ್ಕೆ ಇಡಲು ತನ್ನ ಅಭ್ಯಂತರವಿಲ್ಲವೆಂದು ಕಥೋಲಿಕ ಧರ್ಮಸಭೆ 1963ರಲ್ಲಿಯೇ ಹೇಳಿದೆ.

ಎಲ್ಲಾ ಲೆಕ್ಕಗಳಿಗೂ ಮುಂಚೆ

ನೀಸಿಯಾದಲ್ಲಿ ನಡೆದ ಮುಖ್ಯ ವಾದವೂ ಕಾಲವನ್ನು ಕುರಿತದ್ದೇ. ಅಲೆಕ್ಸಾಂಡ್ರಿಯಾದ ಗುರು ಆರಿಯುಸ್, ದೇವಸುತನಿಗೂ ಒಂದು ಆರಂಭವಿದೆ, ಅವರು ಇಲ್ಲದಿದ್ದ ಒಂದು ಸ್ಥಿತಿ ಇತ್ತು ಎಂದು ಕಲಿಸುತ್ತಿದ್ದನು. ಹಾಗೆಂದರೆ ಯೇಸುವೂ ಸೃಷ್ಟಿಯಲ್ಲಿ ಒಬ್ಬರು, ಎಷ್ಟೇ ದೊಡ್ಡವರಾದರೂ ನಮ್ಮಂತೆ ಕಾಲದ ಕೂಸು ಎಂದಾಯಿತು. ಧರ್ಮಾಧ್ಯಕ್ಷರು ಇದನ್ನು ಒಪ್ಪಲಿಲ್ಲ. ಸುತನು ಪಿತನೊಂದಿಗೆ ಒಂದೇ ಸ್ವರೂಪದವರು ಎಂದು ಹೇಳಲು 'ಹೊಮೊಊಸಿಯೋಸ್' ಎಂಬ ಗ್ರೀಕ್ ಪದವನ್ನು ವಿಶ್ವಾಸ ಪ್ರಮಾಣದಲ್ಲಿ ಸೇರಿಸಿದರು.

ಇದು ಪಂಡಿತರ ಶಬ್ದಜಗಳವೆಂದು ತಿಳಿಯಬೇಡಿ. ಯೇಸು ಬರೀ ಕಾಲಕ್ಕೆ ಸೇರಿದವರಾಗಿದ್ದರೆ ಕಾಲ ನಮ್ಮಿಂದ ಕಸಿದುಕೊಳ್ಳುವುದನ್ನು ಅವರು ಮರಳಿ ಕೊಡಲಾರರು. ತೀರಿಹೋದ ನಮ್ಮ ಅಪ್ಪ ಅಮ್ಮಂದಿರ ಸಮಾಧಿಯ ಮೇಲೆ ನಾವು ಬರೆಸುವ ಎರಡು ತಾರೀಖುಗಳಲ್ಲಿ ಎರಡನೆಯದೇ ಕೊನೆಯ ಮಾತಾಗುತ್ತಿತ್ತು. ಅದು ಕೊನೆಯ ಮಾತಲ್ಲ ಎಂಬುದೇ ಈಸ್ಟರ್. ತನ್ನ ಸಭೆಯ ಒಂದು ದಿನವನ್ನು ನಾಲ್ಕು ಬಗೆಯಲ್ಲಿ ಬರೆದ ಅದೇ ದಾಖಲೆಯಲ್ಲಿ, ಯಾವ ಕ್ಯಾಲೆಂಡರಿಗೂ ಸಿಗದ ಅನಾದಿಯಾದ ಸುತನನ್ನು ಧರ್ಮಸಭೆ ನಿವೇದಿಸಿತು. ಆ ಸುತನೇ ಅಗುಸ್ತ ಚಕ್ರವರ್ತಿಯ ಕಾಲದಲ್ಲಿ ಹುಟ್ಟಿ, ಪಿಲಾತನ ಕಾಲದಲ್ಲಿ ಸತ್ತು, ಮೂರನೇ ದಿನ ಎದ್ದು ಬಂದರು.

ಡಯೋಕ್ಲೇಷಿಯನ್ ತನ್ನ ಹೆಸರು ವರ್ಷಗಳ ಮೇಲೆ ಉಳಿಯುತ್ತದೆಂದು ನಂಬಿದ್ದಿರಬಹುದು. ಇಂದು ಅವನ ವರ್ಷಗಳಿಗೆ ರಕ್ತಸಾಕ್ಷಿಗಳ ಹೆಸರು. ನಮ್ಮ ಮನೆಗಳಲ್ಲಿಯೂ ಕೆಲವು ವರ್ಷಗಳಿಗೆ ನೋವಿನ ಹೆಸರುಗಳಿರುತ್ತವೆ: ಅಪ್ಪ ತೀರಿಕೊಂಡ ವರ್ಷ, ಕೆಲಸ ಹೋದ ವರ್ಷ, ಅಣ್ಣತಮ್ಮಂದಿರು ಜಗಳವಾಡಿ ಪಾಲಾದ ವರ್ಷ. ಆ ವರ್ಷಗಳನ್ನು ಅಳಿಸಲಾಗುವುದಿಲ್ಲ. ಆದರೆ ಈಜಿಪ್ಟಿನ ಕ್ರೈಸ್ತರು ಮಾಡಿದಂತೆ ಅವುಗಳ ಹೆಸರನ್ನು ಬದಲಿಸಬಹುದು: ನೆರೆಯವರು ಕೈಹಿಡಿದ ವರ್ಷ, ಪ್ರಾರ್ಥನೆ ಕಲಿತ ವರ್ಷ, ಮತ್ತೆ ಒಟ್ಟಿಗೆ ಊಟಕ್ಕೆ ಕುಳಿತ ವರ್ಷ. ಹತ್ತು ವರ್ಷದಿಂದ ಮಾತು ಬಿಟ್ಟ ತಮ್ಮನ ಮನೆಗೆ ಈ ಹಬ್ಬದಂದು ಒಬ್ಬರು ಹೋಗಿ ಬಂದರೂ ಸಾಕು, ಒಂದು ವರ್ಷಕ್ಕೆ ಹೊಸ ಹೆಸರು ಬಂದಂತಾಯಿತು.

ಪಾಸ್ಖ ಜಾಗರಣೆಯ ರಾತ್ರಿ ಗುರುಗಳು ದೊಡ್ಡ ಮೇಣದ ಬತ್ತಿಯ ಮೇಲೆ ಶಿಲುಬೆಯನ್ನು ಕೊರೆದು, ಅದರ ನಾಲ್ಕು ಮೂಲೆಗಳಲ್ಲಿ ಆ ವರ್ಷದ ನಾಲ್ಕು ಅಂಕಿಗಳನ್ನು ಬರೆಯುತ್ತಾರೆ. ಕತ್ತಲೆಯಲ್ಲಿ ಹಿಂದೆ ನಿಂತವರಿಗೆ ಅದು ಕಾಣದಿರಬಹುದು. ಈ ಬಾರಿ ಮಕ್ಕಳನ್ನು ಮುಂದೆ ಕರೆದುಕೊಂಡು ಬನ್ನಿ, ಆ ಅಂಕಿಗಳನ್ನು ತೋರಿಸಿ. ಕಾಲವೂ ಯುಗಗಳೂ ಯಾರಿಗೆ ಸೇರಿದ್ದು ಎಂದು ಅವರಿಗೆ ಹೇಳಿಕೊಡಿ.

ನಿಮ್ಮೆಲ್ಲರ ಕುಟುಂಬಗಳಿಗೆ ಪುನರುತ್ಥಾನ ಹೊಂದಿದ ಪ್ರಭುವಿನ ಶಾಂತಿ ಇರಲಿ. ಪಾಸ್ಖ ಹಬ್ಬದ ಹಾರ್ದಿಕ ಶುಭಾಶಯಗಳು.